ಹಬ್ಬದ ಮರುದಿನ ಬಂದವರು

ಕೆಮ್ಮಣ್ಣು
೨೮-೧೨-೧೯೭೮

ಮ್ಯಾಕ್ಸಿಮ್ ಅಣ್ಣನಿಗೆ,

ಕ್ರಿಸ್ಮಸ್ ಚೆನ್ನಾಗಿ ಆಯಿತು. ಬಾಲಯೇಸುವಿನ ಗೋದಲಿ ಕಟ್ಟಿದ್ದು, ಗೋಡೆಗೆ ಸುಣ್ಣ ಬಳಿದದ್ದು, ನೆವ್ರಿ ಕರಿದದ್ದು ಎಲ್ಲ ನಾನೇ. ಹಬ್ಬದ ಮರುದಿನ ಕಾರ್ಕಳದವರು ನನ್ನನ್ನು ನೋಡಲು ಬರುತ್ತಾರೆಂದು ನೀವು ಬರೆದಿದ್ದಿರಿ. ಆ ಖುಷಿಯಲ್ಲಿ ಆಯಾಸವೇ ತಿಳಿಯಲಿಲ್ಲ.

ಅವರು ಬಂದರು. ನಾನು ಚಹಾ ತಂದಾಗ ಹುಡುಗನ ತಾಯಿ, "ನೀವು ಅಕ್ಕ ಅಲ್ವಾ? ಹುಡುಗಿಯನ್ನು ಕರೆಯಿರಿ" ಎಂದರು. ದೊಡ್ಡವಳಿಗೆ ಮದುವೆಯ ಮನಸ್ಸಿಲ್ಲ, ಚಿಕ್ಕವಳಾದ ಗ್ರೆಟ್ಟಾಳನ್ನು ನೋಡಿ ಎಂದು ನೀವೇ ಅವರಿಗೆ ಬರೆದಿದ್ದಿರಂತೆ.

ಅಮ್ಮನಿಗೂ ಗೊತ್ತಿತ್ತು. "ಎಂತ ಮಾಡುವುದು ಮಗಾ, ನೀನೂ ಹೋದರೆ ನನಗೆ ಯಾರುಂಟು?" ಎಂದರು. ಪಾಪ, ಗ್ರೆಟ್ಟಾಳಿಗೆ ಏನೂ ಗೊತ್ತಿರಲಿಲ್ಲ. ಅಳುತ್ತಿದ್ದವಳಿಗೆ ನಾನೇ ಸೀರೆ ಉಡಿಸಿ ಹೊರಗೆ ಕರೆತಂದೆ. ಅವರು ಒಪ್ಪಿದ್ದಾರೆ.

ಸಂಜೆಯ ಪ್ರಾರ್ಥನೆಯಲ್ಲಿ, ಈ ವರ್ಷ ಸಿಕ್ಕಿದ್ದಕ್ಕೆಲ್ಲ ದೇವರಿಗೆ ಉಪಕಾರ ಹೇಳೆಂದು ಅಮ್ಮ ನನಗೇ ಹೇಳಿದರು. ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ತಂಗಿಗೆ ಒಳ್ಳೆಯ ಮನೆ ಸಿಕ್ಕಿತು ಎಂದು ಹೇಳಿದೆ. ಎರಡೂ ನಿಜವೇ. ನಿಮ್ಮ ಹೆಸರು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಮೇಟ್ರನ್ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ. ಮದುವೆಯ ಮರುವಾರ ಸೇರಬೇಕು. ಮದುವೆಗೆ ಬರುವಾಗ ಅಮ್ಮನನ್ನು ನಿಮ್ಮ ಬೊಂಬಾಯಿ ಮನೆಗೆ ಕರೆದೊಯ್ಯುವ ತಯಾರಿಯಲ್ಲೇ ಬನ್ನಿ. ಮಲಗುವ ಮೊದಲು ಅವರ ಮಂಡಿಗೆ ಎಣ್ಣೆ ತಿಕ್ಕಬೇಕೆಂದು ಅತ್ತಿಗೆಗೆ ತಿಳಿಸಿ.

ಇದನ್ನೆಲ್ಲ ಅಮ್ಮನ ಎದುರು ಕೂತು ನಾನೇ ಹೇಳಿದ್ದೇನೆ. ನಮ್ಮ ವಿಷಯ ಹೊರಗಿನವರ ಬಾಯಿಂದ ಕೇಳುವುದು ಹೇಗಿರುತ್ತದೆಂದು ನನಗೀಗ ಗೊತ್ತುಂಟು.

ನಿಮ್ಮ ತಂಗಿ,
ಬೆನೆಡಿಕ್ಟಾ