ಕಟಿಂಗ್ ಶಾಪಿನಲ್ಲಿ ರಗ್ಬಿ ಆಯ್ಕೆ

ಶನಿವಾರ ಸಂಜೆ
ಅಂಗಡಿಯ ಒಳಕೋಣೆಯಿಂದ

ಮೊಣಕಾಲು ತರಚಿಸಿಕೊಂಡೇ ದೊಡ್ಡವಳಾದ ನನ್ನ ಮುದ್ದು ಮಗಳಿಗೆ ಅಮ್ಮನ ಮುತ್ತು.

ದೇಶದ ತಂಡದಲ್ಲಿ ನಿನ್ನ ಹೆಸರಿದೆ ಎಂದು ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದೆವು. ಖುಷಿಗೆ ಕೈ ಕಾಲೇ ಆಡುತ್ತಿಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ಈ ವಾರ ನಿಮ್ಮಪ್ಪ ಮಾಡಿದ ಘನಕಾರ್ಯ ನಿನಗೆ ಬೇರೆ ಯಾರಿಂದಲೋ ತಿಳಿಯಬಾರದು.

ನೀನು ಶಿಬಿರಕ್ಕೆ ಹೋದಾಗಿನಿಂದ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಕೊನೆಯ ಕಾವಲಿಗೆ, ಅಂದರೆ ಎಲ್ಲರನ್ನೂ ದಾಟಿ ನುಗ್ಗಿ ಬಂದವರನ್ನು ತಡೆಯುವ ಆ ಒಂದು ಜಾಗಕ್ಕೆ, ನೀನೋ ಇಲ್ಲ ‘ಮಿಂಚು’ ಅಂತ ಕರೆಯುತ್ತಾರಲ್ಲ, ಆ ಹುಡುಗಿಯೋ? ನಮ್ಮ ಅಂಗಡಿಯ ಕಾನೂನು ನಿನಗೆ ಗೊತ್ತೇ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ಸ್ವಂತದವರ ಪರ ಇಲ್ಲಿ ಯಾರೂ ವಾದಿಸುವಂತಿಲ್ಲ. ದರ್ಜಿ ತಾತ ತಮ್ಮ ಅಳಿಯನನ್ನು ಹೊಗಳಿ ಹೊಗಳಿ ಎಲ್ಲರ ತಲೆ ತಿಂದಾಗ ನಿಮ್ಮಪ್ಪನೇ ಮಾಡಿದ ಕಾನೂನು. ತೆಪ್ಪಗಿದ್ದರೆ ಸಾಕಿತ್ತು. ಈ ಮಹಾನುಭಾವರು ಮಿಂಚಿನ ಪರ ವಕೀಲಿಕೆಗೇ ನಿಂತುಬಿಟ್ಟರು!

ಮಂಗಳವಾರ ಪರದೆಯ ಈಚೆ, ನನ್ನ ಕುರ್ಚಿಗೆ, ಹೊಸ ಹೆಂಗಸೊಬ್ಬರು ಕೂದಲು ಕತ್ತರಿಸಿಕೊಳ್ಳಲು ಬಂದರು. ಆಚೆ ನಿಮ್ಮಪ್ಪ ಪೋಸ್ಟ್‌ಮ್ಯಾನ್ ಮಾಮನ ಮುಖಕ್ಕೆಲ್ಲ ನೊರೆ ಮೆತ್ತಿ, ಅವರು ಬಾಯಿ ತೆರೆಯದ ಹಾಗೆ ಮಾಡಿ, ಶುರುಹಚ್ಚಿಕೊಂಡರು. ನನ್ನ ಮಗಳೇನು ಮಹಾ, ಕೆಸರಲ್ಲಿ ಮೂವರನ್ನ ಕೆಡವಿದಳು ಸರಿ, ನಾಲ್ಕನೆಯವಳು ನುಣುಚಿಕೊಂಡು ಹೋಗ್ಲಿಲ್ವಾ ಅಂತ. ಹಲ್ಲು ಅಲ್ಲಾಡ್ತಿದ್ರೂ ಕೊನೇತನಕ ಆಡಿದ್ದು ಧೈರ್ಯ ಅಲ್ಲ, ಹಟಮಾರಿತನ ಅಂತ! ದರ್ಜಿ ತಾತನಿಗೆ ರೇಗಿತು. ಅಲ್ಲಯ್ಯಾ, ಅವಳೊಬ್ಬಳೇ ಮೂವರನ್ನ ಕೆಡವುವಾಗ ತಂಡದ ಉಳಿದೋರು ಏನು ಕತ್ತೆ ಕಾಯ್ತಿದ್ರಾ ಅಂತ ಕೂಗಿದರು. ಪೋಸ್ಟ್‌ಮ್ಯಾನ್ ಮಾಮ ನೊರೆ ಉಗುಳುತ್ತಲೇ ನಿನ್ನ ಪರ ಎದ್ದು ನಿಂತರು.

ನನಗೆ ಈ ರಗ್ಬಿ ಗಿಗ್ಬಿ ತಲೆಗೆ ಹತ್ತುವುದಿಲ್ಲ. ನನ್ನ ಪಾಡಿಗೆ ನಾನು ಕತ್ತರಿ ಆಡಿಸುತ್ತಿದ್ದೆ. ಆ ಹೆಂಗಸು ಮಾತ್ರ ಎಲ್ಲವನ್ನೂ ಕಿವಿಗೊಟ್ಟು ಕೇಳಿ, ಆ ಅಪ್ಪ ಮಗಳ ಇಷ್ಟೊಂದು ತಪ್ಪುಗಳನ್ನ ನೆನಪಿಟ್ಟುಕೊಳ್ಳಬೇಕಾದ್ರೆ ಒಂದು ಆಟಾನೂ ಬಿಡದೆ ನೋಡಿರಬೇಕಲ್ಲ ಅಂದರು. ತಾನು ಆಯ್ಕೆ ಸಮಿತಿಯವಳು, ಶುಕ್ರವಾರದ ಸಭೆಯಲ್ಲೂ ಇದೇ ಜಗಳ ಕಾದಿದೆ, ಈ ಆಕ್ಷೇಪಣೆಗಳಿಗೆಲ್ಲ ಉತ್ತರ ಇಲ್ಲೇ ಸಿಕ್ಕಿತು ಅಂತ ನಗುತ್ತಾ ಹೊರಟೇಹೋದರು. ಉತ್ತರ ಸಿಕ್ಕಿದ್ದು ನಿನಗೋ ಮಿಂಚಿಗೋ, ಅದನ್ನು ಮಾತ್ರ ಹೇಳಲಿಲ್ಲ.

ವಿಷಯ ಕೇಳಿ ನಿಮ್ಮಪ್ಪ ಕುಸಿದು ಕುಳಿತರು. ಮಗಳಿಗೆ ಹೆತ್ತಪ್ಪನೇ ಅಡ್ಡಗಾಲು ಹಾಕಿಬಿಟ್ಟೆನಲ್ಲೇ ಅಂತ ಒಂದೇ ಸಮ ಗೋಳು.

ಇವತ್ತು ನಿನ್ನ ಹೆಸರು ಬಂದಿದ್ದೇ ತಡ, ಪೋಸ್ಟ್‌ಮ್ಯಾನ್ ಮಾಮ ನಿಮ್ಮಪ್ಪನನ್ನು ಎತ್ತಿಕೊಂಡು ಕುಣಿದೇ ಕುಣಿದರು. ದರ್ಜಿ ತಾತ, ಇವತ್ತೊಂದಿನ ಕಾನೂನಿಲ್ಲ, ಮಗಳನ್ನ ಬಾಯ್ತುಂಬ ಹೊಗಳಯ್ಯಾ ಅಂದರು. ನಿಮ್ಮಪ್ಪ ಬಾಯಿ ತೆರೆದವರೇ, ಕಣ್ಣಿಗೆ ಸೋಪು ಹೋಯ್ತು ಅಂತ ಒಳಗೆ ಓಡಿದರು. ಕೈಯಲ್ಲಿ ಸೋಪೂ ಇರಲಿಲ್ಲ, ಬ್ರಷ್ಷೂ ಇರಲಿಲ್ಲ.

ಆ ಮಿಂಚು ಹುಡುಗಿಗೆ ಬೇಜಾರಾಗಿರುತ್ತದೆ ಕಣೇ, ಅವಳನ್ನು ಒಂಟಿಯಾಗಿ ಬಿಡಬೇಡ. ಹೊಟ್ಟೆ ತುಂಬ ಊಟ ಮಾಡು. ಕಣ್ತುಂಬ ನಿದ್ದೆ ಮಾಡು.

ಹಿಗ್ಗಿ ಹೀರೇಕಾಯಿಯಾಗಿರುವ
ನಿನ್ನ ಅಮ್ಮ

ಮರೆತಿದ್ದೆ: ಆ ಸಮಿತಿಯ ಹೆಂಗಸು ಸಿಕ್ಕಾಗ ಅವರ ತಲೆ ನೋಡಿ ನಗಬೇಡ. ಎಡಗಡೆ ಕೂದಲು ತೀರಾ ಗಿಡ್ಡವಾಗಿದೆ. ನಿಮ್ಮಪ್ಪ ನಿನ್ನ ಹಲ್ಲಿನ ಸುದ್ದಿ ಎತ್ತಿದಾಗ ನನ್ನ ಕತ್ತರಿ ಜಾರಿಬಿಟ್ಟಿತು. ಆ ಆಟದ ದಿನ ನಾನೂ ಬಂದಿದ್ದೆ, ನಿಮ್ಮಪ್ಪನಿಗೂ ಗೊತ್ತಿಲ್ಲ. ನೀನು ಬಿದ್ದಾಗ ಬೇಲಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಎದ್ದಳು, ಎದ್ದಳು ಅಂತ ಜನ ಕೂಗಿದ ಮೇಲೇ ತೆರೆದದ್ದು.