ಡೊಂಕು ಬೆರಳಿನ ಹೆಜ್ಜೆಗುರುತು

ಆಗಸ್ಟ್ ೯
ಶಾಲೆಯ ಮುಂದಿನ ಬೆಂಚು

ಲೇ ಡೆಲ್ಫೀನ್,

ನಿನ್ನ ಕೈಗೇನು ಲಕ್ವ ಹೊಡೆದಿದೆಯೇ? ಎರಡು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಅಂಗಡಿಯ ಫೋನಿನಿಂದ ಕರೆದರೆ ಎತ್ತುವುದಿಲ್ಲ. ಎತ್ತಿದ್ದರೂ ಈ ಮಾತನ್ನು ಅಲ್ಲಿ ಹೇಳುವಂತಿರಲಿಲ್ಲ ಬಿಡು, ಹಿಂದೆ ಸಾಲು ನಿಂತವರ ಕಿವಿ ಇಷ್ಟಿಷ್ಟುದ್ದ. ಆಲಿಸ್ ಸ್ಪ್ರಿಂಗ್ಸಿನಲ್ಲಿ ಕೂತು ನೆಲ ಕಾಯುವುದನ್ನು ಕಲಿಯುತ್ತಿದ್ದೀಯಂತೆ. ನಿನ್ನ ನೆಲ ಇಲ್ಲಿದೆ ಕಣೇ. ನಿನ್ನಪ್ಪನನ್ನು ಹೆತ್ತವಳು ನಾನು. ನೀನು ನನ್ನನ್ನು ಯಪರ್ಲ ಅನ್ನುತ್ತೀಯ, ನಾನೂ ನಿನ್ನನ್ನು ಯಪರ್ಲ ಅನ್ನುತ್ತೇನೆ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಪದ ಇಟ್ಟಿದ್ದು ಒಬ್ಬಳು ಕಷ್ಟದಲ್ಲಿದ್ದಾಗ ಇನ್ನೊಬ್ಬಳು ಸುಮ್ಮನಿರಲಿ ಎಂದಲ್ಲ.

ನಿಮ್ಮ ತರಬೇತಿ ಕೋಣೆಯ ಗೋಡೆಗೆ ನಮ್ಮ ಮೊಲಗಿವಿಯ ಬಿಲ್ಬಿಯ ಹೆಜ್ಜೆಗಳ ಫೋಟೊ ಅಂಟಿಸಿದ್ದಾರೆಂದು ಶಾಲೆಯ ಟೀಚರ್ ಫಿಯೋನಾ ಕುಣಿಯುತ್ತಾ ಹೇಳಿದಳು. ಎದ್ದು ಹೋಗಿ ಅದನ್ನು ಸರಿಯಾಗಿ ನೋಡು. ಮೂರು ಉಗುರಿನ ಗುರುತಿನಲ್ಲಿ ನಡುವಿನದು ಪಕ್ಕಕ್ಕೆ ತಿರುಗಿದೆ. ದನದ ದೊಡ್ಡಿಯ ಗೇಟಿಗೆ ಸಿಕ್ಕಿ ಡೊಂಕಾದ ನನ್ನ ಬೆರಳು ಅದು. ಮರಳಿನ ಮೇಲೆ ಒತ್ತಿ, ಇದು ಉಡ, ಇದು ಎಮು, ಇದು ಬಿಲ್ಬಿ ಎಂದು ನಿನಗೆ ಹೆಜ್ಜೆ ಓದಲು ಕಲಿಸಿದ ಕೈ. ನಿನಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿಯೂ ಬಾಯಿ ಹೊಲಿದುಕೊಂಡಿದ್ದೀಯ.

ಜೂನ್‌ನಲ್ಲಿ ಹನ್ನೊಂದು ಮಕ್ಕಳನ್ನು ನಿನ್ನಪ್ಪನ ಜಾಗಕ್ಕೆ, ಆ ಕೆಂಪು ದಿಬ್ಬಗಳಿಗೆ ಕರೆದೊಯ್ದಿದ್ದೆ. ಅವನು ಹೋದ ಮೇಲೆ ಎರಡು ಚಳಿಗಾಲ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಸತ್ತವನ ಜಾಗವನ್ನು ಸುಮ್ಮನೆ ಬಿಡಬೇಕು, ಬಿಟ್ಟೆವು. ಈ ವರ್ಷ ಹೊಗೆ ಹಾಕಿ ಸೂತಕ ಕಳೆದು ದಾರಿ ತೆರೆದರೆ, ಏನು ಹೇಳಲಿ, ಮುಳ್ಳುಹುಲ್ಲು ಸೊಂಟದವರೆಗೆ ಬೆಳೆದು ಒಣಗಿ ನಿಂತಿದೆ. ಅಲ್ಲಿಷ್ಟು ಇಲ್ಲಿಷ್ಟು ಸುಟ್ಟಿದ್ದರೆ ಹೊಸ ಚಿಗುರು, ಬೀಜ, ಓಡಾಡಲು ಬಯಲು ಎಲ್ಲ ಇರುತ್ತಿತ್ತು. ಈಗ ಎಲ್ಲಿ ನೋಡಿದರೂ ಕಾಡುಬೆಕ್ಕಿನ ಹೆಜ್ಜೆ. ಬಿಲ್ಬಿಯದು ಒಂದೂ ಇಲ್ಲ.

ಮಕ್ಕಳು ಬೆಳಗಿನಿಂದ ಹುಡುಕಿದರು. ಆ ಏಳು ವರ್ಷದ ಟೈರಿಕಾ ಬಂದು ನನ್ನ ಲಂಗ ಹಿಡಿದುಕೊಂಡಳು.

"ಅಜ್ಜಿ, ಎಲ್ಲಾ ಸತ್ತೋದ್ವಾ? ನಾವು ಬರೋದು ಲೇಟಾಯ್ತಾ?"

"ಬಾಯ್ಮುಚ್ಚು. ಕಣ್ಣು ನೆಲದ ಮೇಲಿರ್ಲಿ," ಎಂದು ಗದರಿದೆ. ಟೀಗೆ ಕಟ್ಟಿಗೆ ತರುತ್ತೇನೆಂದು ಪೊದೆಯ ಹಿಂದೆ ಹೋದವಳು ಮಂಡಿಯೂರಿ ಕೂತು, ಗೆಣ್ಣೂರಿ ಬೆರಳೂರಿ, ಇಪ್ಪತ್ತು ಹೆಜ್ಜೆ ಒತ್ತಿಬಿಟ್ಟೆ. ಮಕ್ಕಳು ಕಂಡು ಕೇಕೆ ಹಾಕಿದರು, ಚಪ್ಪಾಳೆ ಹೊಡೆದರು. ಫಿಯೋನಾ ಫೋಟೊ ತೆಗೆದು, "ನೀವಿಲ್ದಿದ್ರೆ ನಾವೆಲ್ಲ ಕುರುಡ್ರು ಕಣಮ್ಮಾ," ಎಂದು ನನ್ನ ಕೈ ಹಿಡಿದುಕೊಂಡಳು. ಗೆಣ್ಣಿನ ಮರಳು ಇನ್ನೂ ಉದುರಿರಲಿಲ್ಲ.

ಒಂದು ದಿನ ನಗಲಿ ಎಂದು ಮಾಡಿದ್ದು. ಫೋಟೊ ನಿಮ್ಮ ನೆಲ ಕಾಯುವವರ ಆಫೀಸು ಮುಟ್ಟಿತು. ಈಗ ಅವರು ಬರೆದಿದ್ದಾರೆ, ಅಲ್ಲಿ ಬಿಲ್ಬಿಗಳು ಚೆನ್ನಾಗಿವೆ, ಈ ವರ್ಷ ಹುಲ್ಲು ಸುಡುವುದೂ ಬೆಕ್ಕು ಹಿಡಿಯುವುದೂ ಬೇರೆ ಕಡೆ ಎಂದು. ಬಿಸಿಗಾಳಿ ಏಳಲು ಎಷ್ಟು ದಿನ ಉಳಿದಿದೆ? ಆಮೇಲೆ ಒಂದು ಸಿಡಿಲು ಬಿದ್ದರೆ ಆ ಹುಲ್ಲು ದಿಬ್ಬದಿಂದ ದಿಬ್ಬಕ್ಕೆ ಹತ್ತಿಕೊಂಡು, ಬಿಲದಲ್ಲಿ ಉಳಿದವಕ್ಕೂ ತಿನ್ನಲು ಏನೂ ಇರುವುದಿಲ್ಲ. ನಿಜ ಹೇಳಿಬಿಡೋಣವೆಂದರೆ, ಹಾಗಾದರೆ ಅಲ್ಲಿ ಏನೂ ಇಲ್ಲ ಎಂದು ಆ ಜಾಗವನ್ನೇ ಕಾಯುವ ಜಾಗಗಳ ಪಟ್ಟಿಯಿಂದ ಹೊಡೆದುಹಾಕಿದರೆ?

ಇದೆಯೋ ಇಲ್ಲವೋ ನನಗೂ ಗೊತ್ತಿಲ್ಲ. ಮೊನ್ನೆ ಒಬ್ಬಳೇ ಹೋಗಿದ್ದೆ. ಪೊದೆಯ ಬೇರಿನ ಕೆಳಗೆ ಹೊಸದಾಗಿ ಕೆದಕಿದಂತೆ ಕಂಡಿತು. ಬಾಗಿ ಮೂಸಿದೆ, ಕೈಯಿಟ್ಟು ನೋಡಿದೆ, ಮಣ್ಣು ಮೆತ್ತಗಿತ್ತು. ಆದರೆ ನನ್ನ ಕಣ್ಣಿಗೆ ಪೊರೆ ಬಂದಿದೆ. ನಿನ್ನ ಕಣ್ಣು ಬೇಕು.

ಬೆಂಕಿಪೊಟ್ಟಣ ಚೀಲದಲ್ಲೇ ಇತ್ತು. ಗೀರಲಿಲ್ಲ. ನಾನು ಮದುವೆಯಾಗಿ ಬಂದವಳು, ಆ ಜಾಗಕ್ಕೆ ಕಾವಲಿನವಳು ಅಷ್ಟೇ. ಅಪ್ಪನ ಕಡೆಯಿಂದ ಒಡತಿ ನೀನು. ನಿನ್ನ ಮಾತಿಲ್ಲದೆ ನಾನು ಬೆಂಕಿಯಿಟ್ಟರೆ ಅದು ಕಳ್ಳತನ. ಮಕ್ಕಳಿಗೆ ಇದನ್ನೇ ಕಲಿಸಿ ನಾನೇ ಮುರಿಯಲೇ? ಅವನಿಲ್ಲದ ಜಾಗ ನೋಡಲಾರೆ ಎಂದು ನೀನು ದೂರ ಓಡಿದ್ದು ನನಗೆ ತಿಳಿಯದೇನು? ಅವನನ್ನು ಒಂಬತ್ತು ತಿಂಗಳು ಹೊತ್ತವಳು ನಾನು ಹೋಗಿ ಬಂದೆ. ನಿನಗೇನು ಧಾಡಿ?

ಈ ಕಾಗದವನ್ನು ಆಫೀಸಿನವರ ಮುಂದೆ ಓದು. ಮುದುಕಿ ಸುಳ್ಳು ಹೆಜ್ಜೆ ಒತ್ತಿದಳು ಎನ್ನು. ನಗಲಿ. ಆಮೇಲೆ, ಒಡತಿ ನಾನು, ನಾನೇ ಹೋಗಿ ನೋಡುತ್ತೇನೆ, ನಾನೇ ಮೊದಲ ಬೆಂಕಿ ಇಡುತ್ತೇನೆ ಎಂದು ಹೇಳು. ಟಪಾಲು ವಿಮಾನ ವಾರಕ್ಕೊಮ್ಮೆ ಬರುತ್ತದೆ. ಸೆಪ್ಟೆಂಬರ್ ಹುಟ್ಟುವ ಮೊದಲು ಅದರಲ್ಲಿ ನಿನ್ನ ಉತ್ತರ ಇರಬೇಕು, ತಿಳಿಯಿತೇ?

ನಿನ್ನ ಯಪರ್ಲ,
ನುಂಗರಾಯಿ

ಮರೆತಿದ್ದೆ: ನಿನ್ನೆ ಮಕ್ಕಳನ್ನು ಕೂರಿಸಿಕೊಂಡು ತಪ್ಪೊಪ್ಪಿಕೊಂಡೆ. ಟೈರಿಕಾ ನನ್ನ ಡೊಂಕು ಬೆರಳು ಹಿಡಿದು, "ಅಜ್ಜಿ, ನಮಗೆ ಅವತ್ತೇ ಗೊತ್ತಾಯ್ತು. ನೀನು ಅಳ್ತೀಯ ಅಂತ ಚಪ್ಪಾಳೆ ಹೊಡೆದ್ವಿ," ಎಂದಳು. ಮತ್ತೆ ಟೀಚರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅದು ಡೆಲ್ಫೀನ್ ಅಕ್ಕನ ಜಾಗ ಅಲ್ವಾ? ಅವಳೇ ಬಂದು ಹೇಳ್ಬೇಕು," ಅನ್ನುತ್ತಾಳೆ.