ಸಂದು ಮುಚ್ಚುವ ಕೆಲಸ

ಪ್ರಯೋಗಾಲಯ, ಎರಡನೇ ಮಹಡಿ
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತಿದ್ದೀಯ ತಾನೆ? ಅಮ್ಮ ಹೋದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. 'ನಾನು ಕೊಡಿಸಿದ ಗ್ಯಾಸ್ ಗೀಸರೇ ಅಮ್ಮನ ಜೀವ ತೆಗೀತು' ಎಂದು ಕೋಣೆ ಸೇರಿದ್ದೀಯಂತೆ, ಭಾವ ಹೇಳಿದರು. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಅಳು ಮಾತ್ರ ಬಂದಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿದೆ.

ವಾರ ಕಳೆಯುವ ಮೊದಲೇ ಕೆಲಸಕ್ಕೆ ಬಂದೆ. ಮೇಷ್ಟ್ರು ನನ್ನ ಮುಖ ನೋಡಿ, ಬೇರೆ ಅನಿಲ ತೆಗೆದುಕೋ ಎಂದರು. ಬೇಡ ಎಂದೆ. ಇಷ್ಟು ವರ್ಷ ನಾನು ಪ್ಲಾಟಿನಂ ತುಂಡಿನ ಮೇಲೆ ಕೂರಿಸುತ್ತಿರುವುದೂ ಕಾರ್ಬನ್ ಮಾನಾಕ್ಸೈಡೇ, ಆ ದಿನ ಬಚ್ಚಲಿನಲ್ಲಿ ತುಂಬಿದ್ದೂ ಅದೇ. ಗಾಳಿಯನ್ನೆಲ್ಲ ಹೊರಗೆಳೆದ ಉಕ್ಕಿನ ಪಾತ್ರೆಯೊಳಗೆ ಅದನ್ನು ಒಂದಿಷ್ಟೇ ಬಿಡುತ್ತೇವೆ. ಅಣು ಲೋಹದ ಮೇಲೆ ನೆಟ್ಟಗೆ ನಿಲ್ಲುತ್ತದೆ, ಇಂಗಾಲ ಕೆಳಗೆ, ಆಮ್ಲಜನಕ ಮೇಲೆ. ತನ್ನ ಎಲೆಕ್ಟ್ರಾನುಗಳಲ್ಲಿ ಸ್ವಲ್ಪ ಲೋಹಕ್ಕೆ ಕೊಡುತ್ತದೆ, ಲೋಹ ತನ್ನವನ್ನು ಸ್ವಲ್ಪ ಅದಕ್ಕೆ ಕೊಡುತ್ತದೆ. ಈ ಕೊಟ್ಟು ತಗೊಳ್ಳುವುದರಲ್ಲೇ ಹಿಡಿತ ಬಿಗಿಯಾಗುವುದು. ರಕ್ತದ ಕಬ್ಬಿಣವನ್ನೂ ಹೀಗೇ ಹಿಡಿಯುತ್ತದೆ, ಉಸಿರಿಗೆ ಜಾಗ ಬಿಡುವುದಿಲ್ಲ. ವಾಸನೆ ಇಲ್ಲ, ಉರಿ ಇಲ್ಲ. ಅಮ್ಮನಿಗೆ ನಿದ್ದೆ ಬಂದ ಹಾಗೆ ಆಗಿರಬೇಕು. ಪಾಠ ಮಾಡಿದ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಸದ್ಯಕ್ಕೆ ನನ್ನ ಕೈಯಲ್ಲಿ ಆಗುವುದು ಇದೊಂದೇ.

ನಿನ್ನೆ ಪಾತ್ರೆಯೊಳಕ್ಕೆ ಎಲ್ಲಿಂದಲೋ ಹೊರಗಿನ ಗಾಳಿ ಸೋರುತ್ತಿತ್ತು. ಇಡೀ ದಿನ ಒಂದೊಂದೇ ಬೋಲ್ಟು ಬಿಗಿ ಮಾಡುತ್ತ ಕೂತೆ. ಅಮ್ಮನಿಗೆ ತಣ್ಣನೆ ಗಾಳಿ ಕಂಡರೆ ಆಗುತ್ತಿರಲಿಲ್ಲವಲ್ಲ. ಕಿಟಕಿಯ ಸಂದು, ಬಾಗಿಲಡಿ, ಕೊನೆಗೆ ಬೀಗದ ತೂತಿಗೂ ಹಳೇ ಬಟ್ಟೆ ತುರುಕುತ್ತಿದ್ದಳು. ನೀನು ಅವಳನ್ನು 'ಬಿರಡೆ' ಎಂದು ಕರೆದು ಬೈಸಿಕೊಳ್ಳುತ್ತಿದ್ದೆ. ಒಮ್ಮೆ ಅಮ್ಮ ಇಲ್ಲಿಗೆ ಬಂದು ಈ ಪಾತ್ರೆ ನೋಡಿ, 'ಸಂದು ಮುಚ್ಚೋದಕ್ಕೂ ಸಂಬಳ ಕೊಡ್ತಾರೇನೋ? ನಾನು ಇಷ್ಟು ದಿನ ಬಿಟ್ಟಿ ಮಾಡಿದ್ನಲ್ಲ' ಅಂದಿದ್ದಳು. ಅದು ನೆನಪಾಯಿತು. ಆಗಲೂ ಅಳು ಬರಲಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಮಾಮನ ಮುತ್ತು. ನೀನು ಬಿಸಿಯಾಗಿ ಏನಾದರೂ ತಿನ್ನು.

ನಿನ್ನ ತಮ್ಮ,
ಗುಂಡ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗೀಸರ್ ರಿಪೇರಿಯವನು ಫೋನ್ ಮಾಡಿದ. ಬಿಚ್ಚಿ ನೋಡಿದನಂತೆ, ಗೀಸರಿನಲ್ಲಿ ಯಾವ ದೋಷವೂ ಇಲ್ಲ. ಹೊಗೆ ಹೊರಗೆ ಹೋಗುವ ಕೊಳವೆಯ ಬಾಯಿಗೆ ಬಟ್ಟೆ ತುರುಕಿತ್ತಂತೆ, ನೀಟಾಗಿ ಮಡಿಸಿ. ಎಂಥ ಬಟ್ಟೆ ಎಂದು ಕೇಳಿದೆ. ನೀಲಿ ಚೌಕಳಿ ಎಂದ. ನನ್ನ ಸ್ಕೂಲಿನ ಅಂಗಿ ಅಕ್ಕಾ. ನೀನು ಕೊಡಿಸಿದ ಗೀಸರ್ ಚೆನ್ನಾಗೇ ಇತ್ತು. ಈಗ ಅಳು ಬರುತ್ತಿದೆ, ಫೋನ್ ಎತ್ತು.